ಒಂದು ಬಿಡಿಭಾಗ ಕಳೆದರೆ ಇಡೀ ವಿಮಾನ ಅಟ್ಟ ಸೇರಬೇಕಿಲ್ಲ

ಮಾನ್ಯ ಸಂಪಾದಕರೆ,

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ನಿಜವಾದ ವಿಮಾನದ ತದ್ರೂಪನ್ನು ಚಿಕ್ಕ ಅಳತೆಯಲ್ಲಿ ಕಟ್ಟುವ ಹವ್ಯಾಸವು ಕೊಪ್ಪಳ, ಗಂಗಾವತಿ, ಬಳ್ಳಾರಿಗಳಂತಹ ಊರುಗಳ ಮನೆಗಳಿಗೂ ಈಗ ಕಾಲಿಟ್ಟಿದೆ. ಇಲ್ಲಿನ ಅಂಗಡಿಗಳಲ್ಲಿ ಇಂತಹ ಕಿಟ್ ಸಿಗುವುದು ಅಪರೂಪವಾದ್ದರಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೋದವರ ಕೈಯಲ್ಲಿ ಹೇಳಿಕಳುಹಿಸಬೇಕು, ಇಲ್ಲವೇ ಕೊರಿಯರ್ ಮೂಲಕ ತರಿಸಿಕೊಳ್ಳಬೇಕು. ಹಾಗೆ ಆಸೆಪಟ್ಟು ತರಿಸಿದ ಪೆಟ್ಟಿಗೆಯಲ್ಲಿ ಒಂದು ಚಕ್ರವೋ, ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವೋ ಇಲ್ಲವೆಂದು ಗೊತ್ತಾದಾಗ, ಅಥವಾ ಕತ್ತರಿಸುವಾಗ ಚಿಮ್ಮಿದ ತುಂಡು ಮತ್ತೆ ಕಣ್ಣಿಗೆ ಬೀಳದೆ ಹೋದಾಗ, ಇಡೀ ಪೆಟ್ಟಿಗೆ ಅಟ್ಟ ಸೇರುವುದನ್ನು ಪದೇ ಪದೇ ಕಂಡಿದ್ದೇನೆ. ಐ.ಟಿ.ಐ.ಯ ಫಿಟ್ಟರ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾಗಿರುವ ನನ್ನ ಬಳಿಗೆ ಅಂತಹ ಪೆಟ್ಟಿಗೆ ಹಿಡಿದು ಬರುವ ಮಕ್ಕಳಿದ್ದಾರೆ. ಕಳೆದ ಭಾಗವನ್ನು ಮತ್ತೆ ಮಾಡಿಕೊಳ್ಳಬಹುದು, ಅದಕ್ಕೆ ಬೇಕಾದ ಸಾಮಗ್ರಿ ಬಹುಪಾಲು ನಮ್ಮ ಊರುಗಳಲ್ಲೇ ಇದೆ, ಉಳಿದದ್ದಕ್ಕೆ ನಮ್ಮ ಶಾಲೆಗಳೂ ಜಿಲ್ಲೆಗೆ ಬರುತ್ತಿರುವ ಆಟಿಕೆ ಕಾರ್ಖಾನೆಗಳೂ ಮನಸ್ಸು ಮಾಡಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರಿಗೆ ಸ್ವಲ್ಪ ವಿವರವಾಗಿಯೇ ತಿಳಿಸಬಯಸುತ್ತೇನೆ.

ಈ ಕಿಟ್‌ಗಳ ಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಕರಗಿದ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿನೊಳಗೆ ಭಾರಿ ಒತ್ತಡದಲ್ಲಿ ನುಗ್ಗಿಸಿದಾಗ ಭಾಗಗಳೂ, ಆ ಭಾಗಗಳಿಗೆ ಪ್ಲಾಸ್ಟಿಕ್ ಹರಿದುಬಂದ ಕಾಲುವೆಗಳೂ ಒಟ್ಟಿಗೆ ಗಟ್ಟಿಯಾಗಿ ಒಂದು ಚೌಕಟ್ಟು ಹೊರಬರುತ್ತದೆ. ಹವ್ಯಾಸಿಗಳು ಅದನ್ನು ಸ್ಪ್ರೂ ಎನ್ನುತ್ತಾರೆ. ಸಾಮಾನ್ಯವಾಗಿ ಪ್ರತಿ ಸ್ಪ್ರೂಗೆ ಒಂದು ಅಕ್ಷರ, ಅದರಲ್ಲಿನ ಪ್ರತಿ ಭಾಗಕ್ಕೆ ಒಂದು ಸಂಖ್ಯೆ ಇರುತ್ತದೆ. ವಿಮಾನದ ಕಿಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗಳು 1/72, 1/48 ಮತ್ತು 1/32. ನಮ್ಮ ವಾಯುಪಡೆಯಲ್ಲಿ 1963ರಿಂದ ಹಾರಾಡಿ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದ ಮಿಗ್-21 ವಿಮಾನವನ್ನೇ ತೆಗೆದುಕೊಳ್ಳಿ. ಅದರ ರೆಕ್ಕೆಗಳ ತುದಿಯಿಂದ ತುದಿಗೆ 7.15 ಮೀಟರ್ ಅಗಲ. 1/72ರ ಮಾದರಿಯಲ್ಲಿ ಅದು ಹತ್ತು ಸೆಂಟಿಮೀಟರಿಗಿಂತ ತುಸು ಕಡಿಮೆಯಾಗುತ್ತದೆ. ನಂತರದ ಮಿಗ್-21ಗಳ ಮುಖ್ಯ ಚಕ್ರದ ಟೈರು 800 ಮಿಲಿಮೀಟರ್ ವ್ಯಾಸದ್ದು. ಮಾದರಿಯಲ್ಲಿ ಅದು ಸುಮಾರು 11 ಮಿಲಿಮೀಟರ್. ಮೂಗಿನ ಮುಂದೆ ಚಾಚಿಕೊಂಡಿರುವ, ಗಾಳಿಯ ವೇಗ ಅಳೆಯುವ ಪಿಟಾಟ್ ಕೊಳವೆಯಂತೂ ಗುಂಡುಪಿನ್ನಿನಷ್ಟೇ ದಪ್ಪ. ಇಷ್ಟು ಸಣ್ಣ ವಸ್ತುಗಳು ಸಾಗಣೆಯಲ್ಲಿ ಕಳಚಿಕೊಳ್ಳುವುದೂ, ಚಿಮುಟದ ತುದಿಯಿಂದ ಚಿಮ್ಮಿ ಮಂಚದ ಕೆಳಗೆ ಸೇರುವುದೂ ಸಹಜ. ಕೆಲವೊಮ್ಮೆ ಕಾರ್ಖಾನೆಯಲ್ಲೇ ಅಚ್ಚು ಪೂರ್ತಿ ತುಂಬದೆ ಅರ್ಧ ಭಾಗ ಮಾತ್ರ ಮೂಡಿರುತ್ತದೆ.

ಕಳೆಯದಂತೆ ನೋಡಿಕೊಳ್ಳುವುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಪೆಟ್ಟಿಗೆ ತೆರೆದ ದಿನವೇ ಸೂಚನಾ ಹಾಳೆಯ ಚಿತ್ರದೊಂದಿಗೆ ಪ್ರತಿ ಸ್ಪ್ರೂವನ್ನು ತಾಳೆ ನೋಡಬೇಕು. ಆ ಭಾಗದ ಸರದಿ ಬರುವವರೆಗೆ ಅದನ್ನು ಸ್ಪ್ರೂನಿಂದ ಬಿಡಿಸಬಾರದು. ಸಣ್ಣ ಭಾಗಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಕತ್ತರಿಸಿದರೆ ಚಿಮ್ಮಿದ್ದು ಚೀಲದಲ್ಲೇ ಉಳಿಯುತ್ತದೆ. ಬಿದ್ದದ್ದನ್ನು ಹುಡುಕುವಾಗ ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟರೆ ಚಿಕ್ಕ ತುಂಡಿಗೂ ಉದ್ದನೆಯ ನೆರಳು ಬಿದ್ದು ಅದು ಸುಲಭವಾಗಿ ಕಾಣುತ್ತದೆ.

ಸಿಗದಿದ್ದರೆ ಮೊದಲು ತಯಾರಕರನ್ನೇ ಕೇಳಬೇಕು. ಜಪಾನಿನ ಶಿಜುವೋಕಾದ ತಮಿಯಾ ಕಂಪನಿಯ ಸೂಚನಾ ಹಾಳೆಗಳಲ್ಲಿ ಸ್ಪ್ರೂಗಳ ಸಂಕೇತ ಸಂಖ್ಯೆಗಳ ಪಟ್ಟಿಯೂ, ಬಿಡಿಭಾಗ ಬೇಕಾದವರು ತುಂಬಿ ಕಳುಹಿಸಬೇಕಾದ ನಮೂನೆಯೂ ಅಚ್ಚಾಗಿರುತ್ತವೆ. ಜರ್ಮನಿಯ ರೆವೆಲ್ ಕಂಪನಿಯು ಕಳೆದ ಮತ್ತು ಮುರಿದ ಭಾಗಗಳಿಗಾಗಿಯೇ ಪ್ರತ್ಯೇಕ ವಿಭಾಗವನ್ನು ನಡೆಸಿಕೊಂಡು ಬಂದಿದೆ. ಇದು ಮೆಚ್ಚತಕ್ಕ ಪದ್ಧತಿ. ಆದರೆ ಎರಡು ಗ್ರಾಂ ತೂಗದ ತುಂಡೊಂದನ್ನು ಸಾಗರದಾಚೆಯಿಂದ ತರಿಸಲು ತಗಲುವ ಅಂಚೆ ವೆಚ್ಚವು ಆ ತುಂಡಿನ ಬೆಲೆಯನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಅದರ ಜೊತೆಗೆ ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರವು 2020ರ ಬಜೆಟ್ಟಿನಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಿದೆ. ಅಳತೆಯ ಮಾದರಿಗಳು ಬರುವುದೂ ಇದೇ ವರ್ಗದಲ್ಲಿ. ದೇಶದ ಆಟಿಕೆ ಉದ್ಯಮವನ್ನು ಬೆಳೆಸುವ ಆ ಉದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ಕಿಟ್ಟೇ ದುಬಾರಿಯಾದ ಮೇಲೆ ಒಂದು ಭಾಗ ಕಳೆಯಿತೆಂದು ಇನ್ನೊಂದು ಕಿಟ್ ಕೊಳ್ಳಲು ಸಾಮಾನ್ಯ ಕುಟುಂಬಕ್ಕೆ ಆಗದು ಎಂಬುದಷ್ಟೇ ನನ್ನ ಮಾತು. ಮಾರಾಟಗಾರರ ಮೂಲಕ ಪರಿಹಾರ ಸಿಗಬಹುದೆಂಬ ನಂಬಿಕೆಯೂ ನನಗೆ ಉಳಿದಿಲ್ಲ. ಮುಂಭಾಗದ ಚಕ್ರವಿಲ್ಲದ ಕಿಟ್ ಬಂದಿದೆಯೆಂದು ಇಲ್ಲಿನ ವಿದ್ಯಾರ್ಥಿನಿಯೊಬ್ಬಳು ದೂರು ಕೊಟ್ಟಾಗ, ಬೇಕಿದ್ದರೆ ಇಡೀ ಕಿಟ್ ಹಿಂತಿರುಗಿಸಿ ಎಂಬ ಉತ್ತರ ಬಂದಿತೇ ಹೊರತು ಆ ಒಂದು ಚಕ್ರವನ್ನು ಕಳುಹಿಸುವ ಮಾತು ಬರಲಿಲ್ಲ.

ಹಳೆಯ ಕಿಟ್‌ಗಳ ಸ್ಥಿತಿ ಇನ್ನೂ ಕಷ್ಟ. ಅಚ್ಚನ್ನು ಯಂತ್ರಕ್ಕೆ ಏರಿಸಿ ಒಂದು ಸರದಿಯಷ್ಟು ತೆಗೆದು ಮತ್ತೆ ಉಗ್ರಾಣದಲ್ಲಿ ಇಡುವುದು ಈ ಉದ್ಯಮದ ಕ್ರಮ. ಒಬ್ಬರ ಒಂದು ಭಾಗಕ್ಕಾಗಿ ಯಾರೂ ಅದನ್ನು ಮತ್ತೆ ಏರಿಸುವುದಿಲ್ಲ. ಇಲ್ಲಿ ನೆರವಿಗೆ ಬರುವ ಸಂಗತಿಯೊಂದಿದೆ. ಒಂದೇ ಅಚ್ಚಿನ ಸ್ಪ್ರೂಗಳು ಹಲವು ಪೆಟ್ಟಿಗೆಗಳಲ್ಲಿ ಬರುತ್ತವೆ. ಉದಾಹರಣೆಗೆ ಜೆಕ್ ದೇಶದ ಎಡುಅರ್ಡ್ ಕಂಪನಿಯ 1/48ರ ಮಿಗ್-21 ಸರಣಿಯಲ್ಲಿ ಎಂಎಫ್, ಬಿಸ್ ಮುಂತಾದ ಬೇರೆ ಬೇರೆ ಮಾದರಿಗಳ ನಡುವೆ ಹಲವು ಭಾಗಗಳು ಸಮಾನವಾಗಿವೆ. ಅಲ್ಲದೆ ಬಹುಪಾಲು ಪೆಟ್ಟಿಗೆಗಳಲ್ಲಿ ಆ ವಿಮಾನಕ್ಕೆ ಬೇಡದ ಹೆಚ್ಚುವರಿ ಚಕ್ರ, ಕ್ಷಿಪಣಿ, ಇಂಧನ ಟ್ಯಾಂಕುಗಳು ಉಳಿಯುತ್ತವೆ. ಸೂಚನಾ ಹಾಳೆಯಲ್ಲಿ ಅವುಗಳನ್ನು ಬಳಸಬಾರದವು ಎಂದು ಛಾಯೆ ಹಾಕಿ ತೋರಿಸಿರುತ್ತಾರೆ. ಒಬ್ಬರ ಪೆಟ್ಟಿಗೆಯಲ್ಲಿ ಉಳಿದದ್ದು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕಳೆದದ್ದೇ ಆಗಿರಬಹುದು.

ಇನ್ನು ಸ್ವತಃ ಮಾಡಿಕೊಳ್ಳುವ ಕ್ರಮಕ್ಕೆ ಬರುತ್ತೇನೆ. ಮೊದಲು ಅಳತೆ ಬೇಕು. ಭಾಗ ಕೂರಬೇಕಾದ ತೂತು ಅಥವಾ ಕಚ್ಚನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬಹುದು. ಆಕಾರಕ್ಕೆ ಸೂಚನಾ ಹಾಳೆಯ ಚಿತ್ರ ಮತ್ತು ನಿಜವಾದ ವಿಮಾನದ ಛಾಯಾಚಿತ್ರಗಳಿವೆ. ನಿಜವಾದ ಅಳತೆಯನ್ನು 72ರಿಂದಲೋ 48ರಿಂದಲೋ ಭಾಗಿಸುವುದು ಆರನೇ ತರಗತಿಯ ಲೆಕ್ಕ. ಎಚ್‌ಎಫ್-24 ಮಾರುತ್ ವಿಮಾನ ಕಟ್ಟುವವರು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದಾಗ ಅಲ್ಲಿ ನಿಲ್ಲಿಸಿರುವ ಮಾರುತ್‌ನ ಚಕ್ರ ಹಿಡಿಯುವ ಕಾಲು, ಚಕ್ರ, ಬಾಗಿಲುಗಳನ್ನು ಹತ್ತಿರದಿಂದ ಚಿತ್ರ ತೆಗೆದುಕೊಂಡು ಬರಲಿ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಆ ವಿಮಾನದ ಕಿಟ್ ಸಿಗುವುದೇ ಅಪರೂಪ. ಸಿಕ್ಕ ಕಿಟ್ಟನ್ನು ಒಂದು ಬಾಗಿಲಿನ ಕಾರಣಕ್ಕೆ ಬಿಟ್ಟುಕೊಡುವುದು ನನಗೆ ಸಹಿಸಲಾಗದ ಸಂಗತಿ.

ಪಿಟಾಟ್ ಕೊಳವೆ, ಆಂಟೆನಾ, ಬಂದೂಕಿನ ನಳಿಕೆಗಳು ಅತಿ ಸುಲಭ. ಔಷಧಿ ಅಂಗಡಿಯಲ್ಲಿ ಸಿಗುವ 21 ಗೇಜಿನ ಸಿರಿಂಜ್ ಸೂಜಿಯ ಒಳಗೆ 26 ಗೇಜಿನ ಸೂಜಿ ಸರಿಯಾಗಿ ಕೂರುತ್ತದೆ. ಮೊದಲನೆಯದರ ಹೊರ ವ್ಯಾಸ ಸುಮಾರು 0.8 ಮಿಲಿಮೀಟರ್, ಎರಡನೆಯದರದು 0.46. ಹೀಗೆ ಒಂದರೊಳಗೊಂದು ಕೂರಿಸಿದರೆ ತುದಿಗೆ ಹೋದಂತೆ ತೆಳುವಾಗುವ ಪಿಟಾಟ್ ಸಿದ್ಧವಾಗುತ್ತದೆ, ಅದೂ ಮೂಲ ಪ್ಲಾಸ್ಟಿಕ್ ಭಾಗಕ್ಕಿಂತ ಗಟ್ಟಿಯಾದದ್ದು. ಸೂಜಿ ಹೊಸದಾಗಿರಬೇಕು, ಒಮ್ಮೆ ಬಳಸಿದ್ದನ್ನು ಯಾವ ಕಾರಣಕ್ಕೂ ಮುಟ್ಟಬಾರದು, ಚೂಪಾದ ಮೊನೆಯನ್ನು ಹಿರಿಯರು ಅರದಿಂದ ತೇಯ್ದು ಮೊಂಡಾಗಿಸಿದ ಮೇಲೆಯೇ ಮಕ್ಕಳ ಕೈಗೆ ಕೊಡಬೇಕು. ತಂತಿ ಆಂಟೆನಾಗಳಿಗೆ ಸ್ಪ್ರೂವಿನ ತುಂಡೇ ಸಾಕು. ಅದನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ ತಿರುಗಿಸುತ್ತ ಹಿಡಿದು, ಮೆತ್ತಗಾಗಿ ಹೊಳೆಯತೊಡಗಿದ ಕೂಡಲೇ ಬೆಂಕಿಯಿಂದ ಆಚೆ ತಂದು ಎರಡೂ ತುದಿಗಳನ್ನು ಎಳೆದರೆ ಎಳೆ ಬರುತ್ತದೆ. ನಿಧಾನವಾಗಿ ಎಳೆದರೆ ದಪ್ಪ, ಬೇಗ ಎಳೆದರೆ ಕೂದಲಿನಷ್ಟು ತೆಳು.

ಚಪ್ಪಟೆ ಭಾಗಗಳಾದ ಚಕ್ರದ ಬಾಗಿಲು, ಏರ್‌ಬ್ರೇಕ್ ಮುಂತಾದವುಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಬಹುದು. ಹವ್ಯಾಸಿಗಳಿಗೆಂದೇ ತಯಾರಾದ ಸ್ಟೈರೀನ್ ಹಾಳೆ ಇಲ್ಲಿ ಸಿಗದಿದ್ದರೆ ಹಳೆಯ ಸಿ.ಡಿ. ಡಬ್ಬಿಗಳನ್ನು ಬಿಸಾಡದೆ ಇಟ್ಟುಕೊಳ್ಳಿ. ಅವೂ ಪಾಲಿಸ್ಟೈರೀನಿನವೇ ಆದ್ದರಿಂದ ಕಿಟ್‌ನ ಅಂಟು ಅವುಗಳನ್ನು ಬೆಸುಗೆಯಂತೆ ಹಿಡಿಯುತ್ತದೆ. ಅವಧಿ ಮುಗಿದ ಎ.ಟಿ.ಎಂ. ಕಾರ್ಡುಗಳು 0.76 ಮಿಲಿಮೀಟರ್ ದಪ್ಪದ ಒಳ್ಳೆಯ ಹಾಳೆಗಳೇ ಹೌದಾದರೂ ಅವು ಪಿ.ವಿ.ಸಿ.ಯವಾದ್ದರಿಂದ ಫೆವಿಕ್ವಿಕ್‌ನಂತಹ ಅಂಟನ್ನೇ ಹಾಕಬೇಕಾಗುತ್ತದೆ. ವಿಮಾನದ ಕಾಲುಗಳ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಇಡೀ ಮಾದರಿಯ ತೂಕ ಅವುಗಳ ಮೇಲೆ ನಿಲ್ಲುತ್ತದೆ. ಒಳಗೆ ಗುಂಡುಪಿನ್ನು ಅಥವಾ ಗಿಟಾರಿನ ತಂತಿಯ ತುಂಡನ್ನು ಬೆನ್ನೆಲುಬಾಗಿ ಇಟ್ಟು, ಅದರ ಮೇಲೆ ಎಂ-ಸೀಲ್ ಹಚ್ಚಿ, ಗಟ್ಟಿಯಾದ ನಂತರ ಅರ ಮತ್ತು ಉಪ್ಪುಕಾಗದದಿಂದ ಆಕಾರಕ್ಕೆ ತರುವುದು ನಾನು ಎಲ್ಲರಿಗೂ ಹೇಳಿಕೊಡುವ ವಿಧಾನ.

ನಮ್ಮ ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಮರದ ಗೊಂಬೆ ಮಾಡುವುದನ್ನು ನೋಡಿದವರಿಗೆ ಈ ಕೆಲಸ ಹೊಸದೆನಿಸದು. ಅವರು ಗೊಂಬೆಯ ಅಂಗಗಳನ್ನು ಬೇರೆ ಬೇರೆಯಾಗಿ ಹಗುರವಾದ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿನಾರನ್ನು ಅದೇ ಅಂಟಿನಲ್ಲಿ ಕಲಸಿದ, ಕಿಟ್ಟ ಎಂಬ ಮುದ್ದೆಯನ್ನು ಸಂದುಗಳಿಗೆ ತುಂಬುತ್ತಾರೆ. ಒಡವೆಯ ಉಬ್ಬುಗಳನ್ನು ಕಲ್ಲಿನ ಪುಡಿ ಬೆರೆಸಿದ ಸರಿಯಿಂದ ಮೂಡಿಸುತ್ತಾರೆ. ಅಂಗವನ್ನು ಬಿಡಿಯಾಗಿ ಮಾಡುವುದು, ಕೂಡಿಸುವುದು, ಸಂದು ಮುಚ್ಚುವುದು, ಉಜ್ಜಿ ನಯ ಮಾಡುವುದು, ಬಣ್ಣ ಕೊಡುವುದು ಎಂಬ ಈ ಕ್ರಮ ಗೊತ್ತಿದ್ದವರಿಗೆ ಪ್ಲಾಸ್ಟಿಕ್ ವಿಮಾನದ ಬಾಲದ ತುಂಡು ಮಾಡುವುದು ಕಷ್ಟವಲ್ಲ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಕಲೆಯ ಹಿರಿಯರಿಂದ ಸಂದು ತುಂಬುವ ಹದವನ್ನು ನಮ್ಮ ಮಕ್ಕಳು ಒಂದು ದಿನ ಕುಳಿತು ನೋಡಿದರೆ, ಯಾವ ಸೂಚನಾ ಹಾಳೆಯೂ ಕಲಿಸದ ಕೈಚಳಕ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜೋಡಿಯಲ್ಲಿ ಒಂದು ಕಳೆದು ಒಂದು ಉಳಿದಿದ್ದರೆ ಅಚ್ಚು ತೆಗೆದು ಎರಕ ಹೊಯ್ಯುವುದೇ ಸರಿಯಾದ ದಾರಿ. ಚಕ್ರ, ಇಂಧನ ಟ್ಯಾಂಕ್, ಕ್ಷಿಪಣಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಎಡ ಬಲಗಳ ಭೇದವಿರುವ ಭಾಗಗಳಿಗೆ ಇದು ನಡೆಯದು. ಬಲಗಾಲಿನ ಅಚ್ಚಿನಿಂದ ಇನ್ನೊಂದು ಬಲಗಾಲು ಬರುತ್ತದೆಯೇ ಹೊರತು ಎಡಗಾಲು ಬರುವುದಿಲ್ಲ. ಅಚ್ಚಿಗೆ ಆರ್‌ಟಿವಿ ಎಂಬ, ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಸಿಲಿಕೋನ್ ರಬ್ಬರ್ ಬೇಕು. ದೊಡ್ಡ ಊರುಗಳಿಂದ ಅದನ್ನು ತರಿಸಲಾಗದವರು ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಳಸುವ ಸಿಲಿಕೋನ್ ಪುಟ್ಟಿಯನ್ನು ಕೇಳಿ ನೋಡಲಿ. ಎರಡು ಮುದ್ದೆಗಳನ್ನು ಸಮನಾಗಿ ನಾದಿ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಅದು ಹಲ್ಲಿನ ಸೂಕ್ಷ್ಮ ಗೆರೆಗಳನ್ನೇ ಹಿಡಿಯುವಾಗ ಚಕ್ರದ ಅಂಚನ್ನು ಹಿಡಿಯದೆ ಇರುವುದಿಲ್ಲ. ಚಕ್ರದ ಅರ್ಧ ಭಾಗವನ್ನು ಹೀಗೆ ಬೆರೆಸಿದ ಪುಟ್ಟಿಯಲ್ಲಿ ಹೂತು, ನಾಲ್ಕು ಮೂಲೆಗಳಲ್ಲಿ ಸಣ್ಣ ಗುಳಿಗಳನ್ನು ಒತ್ತಿ, ಗಟ್ಟಿಯಾದ ಮೇಲೆ ಮೇಲ್ಮೈಗೆ ತೆಳುವಾಗಿ ವ್ಯಾಸಲೀನ್ ಸವರಿ, ಹೊಸದಾಗಿ ಬೆರೆಸಿದ ಪುಟ್ಟಿಯನ್ನು ಅದರ ಮೇಲೆ ಒತ್ತಬೇಕು. ವ್ಯಾಸಲೀನ್ ಮರೆತರೆ ಸಿಲಿಕೋನಿಗೆ ಸಿಲಿಕೋನ್ ಅಂಟಿಕೊಂಡು ಅಚ್ಚು ಬಿಚ್ಚುವುದೇ ಇಲ್ಲ. ಗುಳಿಗಳಿಂದಾಗಿ ಎರಡೂ ಅರ್ಧಗಳು ಪ್ರತಿ ಸಲ ಅದೇ ಜಾಗದಲ್ಲಿ ಕೂರುತ್ತವೆ. ಎರಕಕ್ಕೆ ಬಳಸುವ, ದ್ರವವಾಗಿದ್ದು ಗಟ್ಟಿಯಾಗುವ ರಾಳವನ್ನು (ರೆಸಿನ್) ಸುರಿಯಲು ಒಂದು ದಾರಿ, ಗಾಳಿ ಹೊರಹೋಗಲು ಇನ್ನೊಂದು ದಾರಿಯನ್ನು ಬ್ಲೇಡಿನಿಂದ ಕೊರೆದಿಡಬೇಕು. ಪಾಲಿಯುರೆಥೇನ್ ರಾಳ ಬೇಗ ಗಟ್ಟಿಯಾಗಿ ಒಳ್ಳೆಯ ಎರಕ ಕೊಡುತ್ತದೆ, ಆದರೆ ತೇವವನ್ನು ಸಹಿಸದು. ಮಳೆಗಾಲದಲ್ಲಿ ಹೊಯ್ದರೆ ನೊರೆಯೆದ್ದು ತೂತು ತೂತಾಗುತ್ತದೆ. ನಮ್ಮ ಭಾಗದ ಬೇಸಿಗೆಯ ಒಣ ಹವೆ ಇದಕ್ಕೆ ಅನುಕೂಲ. ಎಪಾಕ್ಸಿ ರಾಳ ನಿಧಾನವಾದರೂ ಈ ತೊಂದರೆ ಕಡಿಮೆ.

ಪಾರದರ್ಶಕ ಮುಚ್ಚಳ ಕಳೆದಾಗ ಮಕ್ಕಳು ಧೈರ್ಯ ಬಿಡುವುದನ್ನು ಕಂಡಿರುವುದರಿಂದ ಅದರ ಬಗ್ಗೆ ಸ್ವಲ್ಪ ಹೆಚ್ಚಾಗಿ ಬರೆಯುತ್ತೇನೆ. ಮೊದಲು ಮುಚ್ಚಳದ ಆಕಾರವನ್ನು ಎಂ-ಸೀಲ್ ಅಥವಾ ಮೆದು ಮರದಲ್ಲಿ ಮಾಡಿಕೊಳ್ಳಬೇಕು. ಕಾಕ್‌ಪಿಟ್ಟಿನ ಸುತ್ತಲಿನ ಅಂಚಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ, ಅದರ ಮೇಲೆಯೇ ಎಂ-ಸೀಲ್ ಮುದ್ದೆಯನ್ನು ಒತ್ತಿ ಕೂರಿಸಿದರೆ ಕೆಳ ಅಂಚು ತಾನಾಗಿಯೇ ಸರಿಹೊಂದುತ್ತದೆ. ಮೇಲ್ಭಾಗವನ್ನು ಚಿತ್ರ ನೋಡಿಕೊಂಡು ತೇಯಬೇಕು. ಮೇಲೆ ಬರುವ ಹಾಳೆಗೂ ದಪ್ಪವಿರುವುದರಿಂದ ಈ ಮೂಲರೂಪವು ಅಷ್ಟರಮಟ್ಟಿಗೆ ಚಿಕ್ಕದಾಗಿರಬೇಕು ಎಂಬುದನ್ನು ಮರೆಯಬಾರದು. ಇದರ ನಯಗೆಲಸಕ್ಕೆ ತಾಳ್ಮೆ ಬೇಕೇ ಬೇಕು, ಏಕೆಂದರೆ ಮೂಲರೂಪದ ಮೇಲಿನ ಒಂದೊಂದು ಗೀರೂ ಮುಂದೆ ಗಾಜಿನಂತಹ ಮುಚ್ಚಳದಲ್ಲಿ ಎದ್ದು ಕಾಣುತ್ತದೆ; 400ನೇ ನಂಬರಿನ ಒರಟು ವಾಟರ್ ಪೇಪರಿನಿಂದ ಆರಂಭಿಸಿ 2000ದ ನಯವಾದದ್ದರವರೆಗೆ ನೀರು ಹಾಕಿ ಉಜ್ಜಿ, ಕೊನೆಗೆ ಪಾಲಿಶ್ ಹಾಕಬೇಕು. ನಂತರ ಅದನ್ನು ಕೆಳಗೆ ಗಟ್ಟಿಯಾದ ಕಡ್ಡಿಗೆ ನಿಲ್ಲಿಸಿ, ಕತ್ತರಿಸಿದ ನೀರಿನ ಬಾಟಲಿಯ ಒಳಗಿಟ್ಟು ಹೊರಗಿನಿಂದ ಹಾಟ್ ಏರ್ ಗನ್ನಿನ ಬಿಸಿಗಾಳಿ ಕೊಟ್ಟರೆ, ಬಾಟಲಿಯ ಪೆಟ್ ಪ್ಲಾಸ್ಟಿಕ್ ಮುದುಡಿಕೊಂಡು ಮೂಲರೂಪವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಬಾಟಲಿಯ ಗೆರೆಗಳಿಲ್ಲದ, ಸಮನಾದ ಭಾಗವನ್ನೇ ಆರಿಸಿಕೊಳ್ಳಬೇಕು. ಇನ್ನೊಂದು ವಿಧಾನದಲ್ಲಿ, ಮಿಠಾಯಿ ಡಬ್ಬಿಯ ಪಾರದರ್ಶಕ ಮುಚ್ಚಳದ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಬಿಸಿಮಾಡಿ, ಜೋಲತೊಡಗಿದಾಗ ಮೂಲರೂಪದ ಮೇಲೆ ಒಮ್ಮೆಲೇ ಎಳೆದು ಹಿಡಿಯುತ್ತಾರೆ. ಎರಡರಲ್ಲೂ ಮೊದಲ ಸಲವೇ ಸರಿಯಾಗಿ ಬರದಿರಬಹುದು; ಹಾಳೆಗೆ ಖರ್ಚಿಲ್ಲದ ಕಾರಣ ಮತ್ತೆ ಮಾಡಲು ಹಿಂಜರಿಕೆ ಬೇಡ.

ಈ ಮುಚ್ಚಳವನ್ನು ಕೂರಿಸುವಾಗ ಫೆವಿಕ್ವಿಕ್ ಬಳಸಬಾರದು. ಅದರಿಂದ ಏಳುವ ಆವಿ ಪಾರದರ್ಶಕ ಭಾಗದ ಮೇಲೆ ಬಿಳಿಯ ಮಸುಕನ್ನು ಬಿಡುತ್ತದೆ. ಕಾಗದಕ್ಕೆ ಹಚ್ಚುವ ಬಿಳಿ ಫೆವಿಕಾಲ್ ಸಾಕು, ಅದು ಒಣಗಿದಾಗ ಕಾಣುವುದಿಲ್ಲ. ಸಂದು ತುಂಬಲು ಫೆವಿಕ್ವಿಕ್ ಮೇಲೆ ಅಡುಗೆ ಸೋಡಾ ಉದುರಿಸುವವರು ಅದು ಕ್ಷಣದಲ್ಲಿ ಕಲ್ಲಾಗುವಾಗ ಬಿಸಿಯನ್ನೂ ಘಾಟನ್ನೂ ಬಿಡುತ್ತದೆಂದು ನೆನಪಿಡಬೇಕು. ಅಂಟು, ರಾಳ, ಬಿಸಿಗಾಳಿಯ ಕೆಲಸವೆಲ್ಲ ಕಿಟಕಿ ತೆರೆದ ಕೋಣೆಯಲ್ಲಿ, ಮಕ್ಕಳಾದರೆ ಹಿರಿಯರ ಎದುರಿನಲ್ಲಿ ನಡೆಯಬೇಕು.

ಇಷ್ಟು ಕೈಯಿಂದ ಆಗುವ ಕೆಲಸ. ಎಡಗಾಲಿನಂತಹ ಭಾಗಗಳಿಗೆ ಬೇರೆ ಸಾಧನ ಬೇಕಾಗುತ್ತದೆ, ಮತ್ತು ಆ ಸಾಧನ ನಮ್ಮ ಜಿಲ್ಲೆಗಳ ಎಷ್ಟೋ ಶಾಲೆಗಳಲ್ಲಿ ಈಗಾಗಲೇ ಇದೆ. ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ದೊರೆಯುತ್ತದೆ. 6ರಿಂದ 12ನೇ ತರಗತಿಯ ಮಕ್ಕಳಿಗೆಂದು ಸ್ಥಾಪಿಸುವ ಈ ಲ್ಯಾಬುಗಳ ಸಲಕರಣೆಗಳಲ್ಲಿ ತ್ರೀಡಿ ಪ್ರಿಂಟರ್ ಕೂಡ ಸೇರಿದೆ. ಉಳಿದ ಬಲಗಾಲನ್ನು ಅಳೆದು ಫ್ರೀಕ್ಯಾಡ್ ಅಥವಾ ಬ್ಲೆಂಡರ್‌ನಂತಹ ಉಚಿತ ತಂತ್ರಾಂಶದಲ್ಲಿ ಚಿತ್ರಿಸಿದರೆ, ಕನ್ನಡಿಯಲ್ಲಿ ಕಂಡಂತೆ ಅದನ್ನು ತಿರುಗಿಸಿ ಎಡಗಾಲು ಪಡೆಯುವುದು ಒಂದು ಆಜ್ಞೆಯ ಕೆಲಸ. ಶಾಲೆಗಳಲ್ಲಿ ಸಾಮಾನ್ಯವಾಗಿರುವುದು ಪ್ಲಾಸ್ಟಿಕ್ ದಾರವನ್ನು ಕರಗಿಸಿ ಪದರ ಪದರವಾಗಿ ಹಾಕುವ ಯಂತ್ರ. ಅದರ ಮೂತಿಯ ರಂಧ್ರ ಸಾಧಾರಣವಾಗಿ 0.4 ಮಿಲಿಮೀಟರ್ ಇರುವುದರಿಂದ 1/72ರ ಕಾಲಿನಂತಹ ತೆಳು ಭಾಗಕ್ಕೆ ಅದು ಒರಟಾಯಿತು. ಆದರೆ 1/48 ಮತ್ತು 1/32ರ ಚಕ್ರ, ಟ್ಯಾಂಕುಗಳಿಗೆ, ಮುಚ್ಚಳದ ಮೂಲರೂಪಕ್ಕೆ ಅದು ಧಾರಾಳವಾಗಿ ಸಾಕು, ಮೇಲಿನ ಪದರದ ಗೆರೆಗಳನ್ನು ಉಜ್ಜಿ ತೆಗೆದರಾಯಿತು. ಬೆಳಕಿನಿಂದ ರಾಳವನ್ನು ಗಟ್ಟಿಯಾಗಿಸುವ ಇನ್ನೊಂದು ಬಗೆಯ ಪ್ರಿಂಟರ್ 0.05 ಮಿಲಿಮೀಟರಿನ ಪದರಗಳಲ್ಲಿ ಕೆಲಸ ಮಾಡುತ್ತದೆ, ಪಿಟಾಟನ್ನೂ ಮೂಡಿಸಬಲ್ಲದು. ಗಟ್ಟಿಯಾಗದ ರಾಳ ಚರ್ಮಕ್ಕೆ ಕೆಟ್ಟದ್ದಾದ್ದರಿಂದ ಕೈಗವಸು, ತೊಳೆಯುವ ದ್ರಾವಣ, ಅನುಭವಿಗಳ ಮೇಲ್ವಿಚಾರಣೆ ಇಲ್ಲದೆ ಅದನ್ನು ಶಾಲೆಗೆ ತರುವುದು ಬೇಡ. ಲ್ಯಾಬಿನ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಮಕ್ಕಳಿಗೆ ಅಭ್ಯಾಸಕ್ಕೆಂದು ಕೀಚೈನು, ಹೆಸರಿನ ಫಲಕಗಳನ್ನು ಮುದ್ರಿಸುವ ಬದಲು, ಊರಿನ ಯಾವುದಾದರೂ ಮಗುವಿನ ವಿಮಾನದ ಕಳೆದ ಭಾಗವನ್ನು ಅಳೆದು ಮುದ್ರಿಸಲು ಕೊಡಿ. ಅಳತೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಭಾಗ ಕೂರುವುದಿಲ್ಲವಾದ್ದರಿಂದ ಅಳೆಯುವುದರ ಬೆಲೆ ಅವರಿಗೆ ಆಗಲೇ ತಿಳಿಯುತ್ತದೆ. ಅಚ್ಚು ತಯಾರಿಕೆಯನ್ನೇ ಕಲಿಸುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳು ಹೊಸಪೇಟೆ, ಲಿಂಗಸೂಗೂರುಗಳಲ್ಲಿವೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಚಕ್ರಕ್ಕೆ ಅಲ್ಯೂಮಿನಿಯಂ ಅಚ್ಚು ಕೊರೆದರೆ ಅದು ಅವರ ಪಠ್ಯದ ಒಳಗಿನ ಕೆಲಸವೇ ಆಗುತ್ತದೆ.

ಭಾನಾಪುರದ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಮ್ಮ ಜಿಲ್ಲೆಯ ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ತಯಾರಿಕಾ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಪ್ಲಾಸ್ಟಿಕ್ ಎರಕದ ಯಂತ್ರ, ಅಚ್ಚು ಮಾಡುವವರು, ಬಣ್ಣ ಹಾಕುವವರು ಎಲ್ಲರೂ ಒಂದೇ ಆವರಣದಲ್ಲಿ ಇರಬೇಕೆಂಬುದು ಆ ಯೋಜನೆಯ ಆಶಯ. ಅಲ್ಲಿ ತಯಾರಾಗುವುದು ವಿಮಾನದ ಕಿಟ್ಟೇ ಆಗಬೇಕೆಂದಿಲ್ಲ. ಜೋಡಿಸಿ ಆಡುವ ಯಾವ ಆಟಿಕೆಯೇ ಆಗಲಿ, ಅದನ್ನು ಮಾರುವವರು ಆರಂಭದಿಂದಲೇ ಪ್ರತಿ ಭಾಗಕ್ಕೂ ಸಂಖ್ಯೆ ಕೊಟ್ಟು, ಪ್ರತಿ ಸರದಿಯಲ್ಲಿ ಕೆಲವು ಸ್ಪ್ರೂಗಳನ್ನು ಬಿಡಿಯಾಗಿ ಎತ್ತಿಟ್ಟು, ಭಾಗ ಕಳೆದವರಿಗೆ ಅಂಚೆ ವೆಚ್ಚ ಮತ್ತು ನ್ಯಾಯವಾದ ಬೆಲೆಗೆ ಕಳುಹಿಸುವ ಏರ್ಪಾಡು ಮಾಡಬೇಕೆಂದು ಒತ್ತಾಯಿಸುತ್ತೇನೆ. ಯಂತ್ರ ಓಡುತ್ತಿರುವಾಗ ಹೆಚ್ಚುವರಿಯಾಗಿ ಕೆಲವು ಸ್ಪ್ರೂ ತೆಗೆಯಲು ತಗಲುವ ಖರ್ಚು ಪ್ಲಾಸ್ಟಿಕ್ಕಿನ ಬೆಲೆಗಿಂತ ಹೆಚ್ಚೇನೂ ಆಗದು. ಅದೇ ಅಚ್ಚನ್ನು ವರ್ಷದ ನಂತರ ಮತ್ತೆ ಏರಿಸುವುದು ದೊಡ್ಡ ಖರ್ಚು. ಆಮದು ಸುಂಕದ ರಕ್ಷಣೆ ಪಡೆದು ಬೆಳೆಯುವ ಉದ್ಯಮವು ಗ್ರಾಹಕರಿಗೆ ಇಷ್ಟನ್ನು ಮಾಡುವುದು ನ್ಯಾಯ. ಕೈಗಾರಿಕಾ ಇಲಾಖೆಯು ಕ್ಲಸ್ಟರಿನ ಘಟಕಗಳಿಗೆ ರಿಯಾಯಿತಿ ಕೊಡುವಾಗ ಈ ಬಿಡಿಭಾಗ ಸೇವೆಯನ್ನು ಒಂದು ಷರತ್ತಾಗಿ ಸೇರಿಸಲಿ.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಾನು ಹೇಳುತ್ತಿರುವುದು ತಾನು ಹಣ ಕೊಟ್ಟು ಕೊಂಡ ಕಿಟ್‌ನಲ್ಲಿ ಕಳೆದದ್ದನ್ನು ತುಂಬಿಕೊಳ್ಳುವ ಬಗ್ಗೆ. ಬೇರೆಯವರು ಶ್ರಮವಹಿಸಿ ರೂಪಿಸಿದ ಭಾಗದ ಅಚ್ಚು ತೆಗೆದು, ಎರಕ ಹೊಯ್ದು ಮಾರಾಟಕ್ಕಿಡುವುದು ತಪ್ಪು. ಮಕ್ಕಳಿಗೆ ಈ ಕೆಲಸ ಕಲಿಸುವವರು ಆ ಗೆರೆಯನ್ನೂ ಜೊತೆಯಲ್ಲೇ ಕಲಿಸಬೇಕು.

ಜಿಲ್ಲಾ ಕೇಂದ್ರ ಗ್ರಂಥಾಲಯದ ಅಧಿಕಾರಿಗಳು ಮಕ್ಕಳ ವಿಭಾಗದಲ್ಲಿ ಒಂದು ಕಪಾಟಿನಷ್ಟು ಜಾಗ ಕೊಟ್ಟರೆ, ಕಟ್ಟಿ ಮುಗಿಸಿದ ಕಿಟ್‌ಗಳಲ್ಲಿ ಉಳಿದ ಭಾಗಗಳನ್ನು ಅಲ್ಲಿ ತಂದಿಡುವ ಏರ್ಪಾಡು ಮಾಡಬಹುದು. ಪ್ರತಿ ಪೊಟ್ಟಣದ ಮೇಲೆ ವಿಮಾನದ ಹೆಸರು, ಅಳತೆ, ತಯಾರಕರು, ಸ್ಪ್ರೂವಿನ ಅಕ್ಷರ ಮತ್ತು ಭಾಗದ ಸಂಖ್ಯೆ ಬರೆದಿದ್ದರೆ ಸಾಕು, ಬೇಕಾದವರು ಹುಡುಕಿ ಒಯ್ಯುತ್ತಾರೆ. ಪೊಟ್ಟಣಗಳನ್ನು ವಿಂಗಡಿಸಿ ಪಟ್ಟಿ ಬರೆದಿಡುವ ಹೊಣೆಯನ್ನು ನಾನು ಹೊರಲು ಸಿದ್ಧನಿದ್ದೇನೆ. ನನ್ನಲ್ಲಿರುವ ಸ್ಪ್ರೂಗಳನ್ನೂ, ಮಿಗ್-21ರ 1/72ರ ಚಕ್ರಕ್ಕೆ ಮಾಡಿಟ್ಟಿರುವ ಸಿಲಿಕೋನ್ ಅಚ್ಚನ್ನೂ ಆ ಕಪಾಟಿಗೆ ಮೊದಲು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐ.ಟಿ.ಐ. ಬೋಧಕ,
ಕೊಪ್ಪಳ